ಹೊಟ್ಟೆಯ ಯೀಸ್ಟಿಗೆ ಅಂಗಡಿಯ ಕ್ಯಾಪ್ಸೂಲ್

ಕೊಡಗಿನ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಬೀರುವಿನ ಸೀರೆಗೆ ಎಲ್ಲಕ್ಕೂ ಬೂಷ್ಟು. ಹೊಟ್ಟೆಯೊಳಗೂ ಬೂಷ್ಟು ಬೆಳೆದಿದೆ ಎಂದರೆ ನಾವು ಬೇಗ ನಂಬಿಬಿಡುತ್ತೇವೆ. ಗ್ಯಾಸು, ಸುಸ್ತು, ತಲೆಭಾರಕ್ಕೆಲ್ಲ ಕ್ಯಾಂಡಿಡಾ ಎಂಬ ಯೀಸ್ಟೇ ಕಾರಣ, ಈ ಕ್ಯಾಪ್ಸೂಲ್ ತಗೊಳ್ಳಿ ಎನ್ನುವ ವಿಡಿಯೊಗಳಿಗೆ ಬರವಿಲ್ಲ.

ಕ್ಯಾಂಡಿಡಾ ಇರುವುದು ನಿಜ. ಆರೋಗ್ಯವಾಗಿರುವ ಬಹಳ ಜನರ ಕರುಳಿನಲ್ಲೂ ಅದು ಸ್ವಲ್ಪ ಇರುತ್ತದೆ. ಹಾಗಾಗಿ ಮಲದಲ್ಲಿ ಕಂಡ ಮಾತ್ರಕ್ಕೆ ಕಾಯಿಲೆ ಅಲ್ಲ. ಬೆಳಿಗ್ಗೆ ಲೋಟದ ನೀರಿಗೆ ಉಗಿದು ನೋಡುವ ಪರೀಕ್ಷೆಯಂತೂ ಸುಮ್ನೆ ಕಾಲಹರಣ. ಯೀಸ್ಟನ್ನು ಹದ್ದುಬಸ್ತಿನಲ್ಲಿ ಇಡುವುದು ಕರುಳಿನ ಬ್ಯಾಕ್ಟೀರಿಯಾ. ಆಂಟಿಬಯೋಟಿಕ್ ಅವನ್ನು ಕೊಲ್ಲುತ್ತದೆ, ಯೀಸ್ಟನ್ನು ಮುಟ್ಟುವುದಿಲ್ಲ. ತೋಟದಲ್ಲಿ ನೆರಳು ಜಾಸ್ತಿ ಕಡಿದರೆ ಕಳೆ ಏಳುತ್ತದಲ್ವಾ, ಹಾಗೆ.

1990ರಲ್ಲಿ ಅಮೆರಿಕದ ವೈದ್ಯರು ಇದನ್ನೇ ಪರೀಕ್ಷಿಸಿದರು. ಸುಸ್ತು, ಬೇಸರಕ್ಕೆ ಯೀಸ್ಟೇ ಕಾರಣ ಎನ್ನಲಾಗಿದ್ದ 42 ಮಹಿಳೆಯರಿಗೆ ಯೀಸ್ಟ್ ಕೊಲ್ಲುವ ನಿಸ್ಟಾಟಿನ್ ಔಷಧಿಯನ್ನೂ ಔಷಧಿಯಿಲ್ಲದ ಹುಸಿ ಗುಳಿಗೆಯನ್ನೂ ಕೊಟ್ಟು ನೋಡಿದರು. ಸುಸ್ತಿನಂಥ ತೊಂದರೆಗಳ ಮಟ್ಟಿಗೆ ನಿಸ್ಟಾಟಿನ್ ಹುಸಿ ಗುಳಿಗೆಗಿಂತ ಮೇಲೇನೂ ಆಗಲಿಲ್ಲ.

ಕ್ಯಾಪ್ಸೂಲುಗಳಲ್ಲಿ ಜಾಸ್ತಿ ಕಾಣುವುದು ಕ್ಯಾಪ್ರಿಲಿಕ್ ಆಮ್ಲ. ತೆಂಗಿನೆಣ್ಣೆಯಲ್ಲೂ ಇದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾಂಡಿಡಾವನ್ನು ಕೊಲ್ಲುತ್ತದೆ, ಸರಿ. ಆದರೆ ನುಂಗಿದ ಮೇಲೆ ಸಣ್ಣ ಕರುಳಿನ ಮೊದಲ ಭಾಗದಲ್ಲೇ ಬೇಗ ಹೀರಿಕೊಂಡು ಯಕೃತ್ತಿಗೆ ಹೋಗಿಬಿಡುತ್ತದೆ. ದೊಡ್ಡ ಕರುಳಿಗೆ ತಲುಪುವುದೆಷ್ಟು?

ಇನ್ನೊಂದು, ಸ್ಯಾಕರೊಮೈಸಿಸ್ ಬೌಲಾರ್ಡಿ. ತಮಾಷೆಯೆಂದರೆ ಇದೂ ಯೀಸ್ಟೇ! 1920ರ ದಶಕದಲ್ಲಿ ಫ್ರಾನ್ಸಿನ ಆನ್ರಿ ಬೌಲಾರ್ ಇಂಡೋಚೀನಾದಲ್ಲಿ ಲಿಚಿ, ಮ್ಯಾಂಗೊಸ್ಟೀನ್ ಹಣ್ಣುಗಳಿಂದ ಇದನ್ನು ಬೇರ್ಪಡಿಸಿದರು. ಮ್ಯಾಂಗೊಸ್ಟೀನ್ ನಮ್ಮ ಕೊಡಗಿನ ಅಡುಗೆಯ ಹುಳಿ ಕಾಚಂಪುಳಿ ಮಾಡುವ ಹಣ್ಣಿನ ಹತ್ತಿರದ ನೆಂಟ. ಹಾಗಂತ ಪಂದಿ ಕರಿಗೆ ಕಾಚಂಪುಳಿ ಜಾಸ್ತಿ ಹಾಕಿದರೆ ಕ್ಯಾಂಡಿಡಾ ಓಡುವುದಿಲ್ಲ! ಆಂಟಿಬಯೋಟಿಕ್ ತೆಗೆದುಕೊಂಡಾಗ ಬರುವ ಭೇದಿಯನ್ನು ತಡೆಯಲು ಬೌಲಾರ್ಡಿ ನೆರವಾಗುತ್ತದೆ ಎನ್ನಲು ಒಳ್ಳೆಯ ಆಧಾರವಿದೆ. ಕ್ಯಾಂಡಿಡಾ ವಿಷಯದಲ್ಲಿ ಆಧಾರ ತೆಳು. ಜೊತೆಗೆ ಯೀಸ್ಟ್ ವಿರುದ್ಧದ ಫ್ಲುಕೊನಜೋಲ್‌ನಂಥ ಮಾತ್ರೆಯನ್ನೂ ನುಂಗಿದರೆ ಅದು ಬೌಲಾರ್ಡಿಯನ್ನೂ ಕೊಲ್ಲಬಹುದು, ದುಡ್ಡು ದಂಡ.

ನಾನಾದರೆ ಡಬ್ಬಿ ಕೊಳ್ಳುವ ಮೊದಲು ರಕ್ತದ ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸುತ್ತೇನೆ. ಬಾಯಲ್ಲಿ ಬಿಳಿ ಪದರ ಕಟ್ಟಿದರೆ, ನುಂಗುವಾಗ ನೋವಾದರೆ ಡಾಕ್ಟರ ಹತ್ತಿರವೇ ಹೋಗಬೇಕು. ಆಸ್ಪತ್ರೆಯಲ್ಲಿ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿರುವವರ ಪಕ್ಕ ಬೌಲಾರ್ಡಿ ಪೊಟ್ಟಣ ಒಡೆಯಲೂ ಬಾರದು. ಕೈಗೆ ಅಂಟಿದ ಪುಡಿ ನಳಿಕೆಯ ಮೂಲಕ ರಕ್ತಕ್ಕೆ ಸೇರಿ ಸೋಂಕಾದ ಉದಾಹರಣೆಗಳಿವೆ.