ಕಿಡಿ ಕಲ್ಲಿನದ್ದಲ್ಲ, ಉಕ್ಕಿನದ್ದು

ಹಳೇ ಕಾಲದ ಫ್ಲಿಂಟ್‌ಲಾಕ್ ಕೋವಿನ (ಚಕಮಕಿ ಕಲ್ಲು ಉಕ್ಕಿಗೆ ಬಡಿದು ಬರೋ ಕಿಡಿಯಿಂದ ಸಿಡಿಮದ್ದು ಹೊತ್ತಿಸೋ ಕೋವಿ) ಮನೆಯಲ್ಲೇ ಕೈಯಾರೆ ಮಾಡೋ ಹವ್ಯಾಸ ಇರೋರು ತಿಂಗಳುಗಟ್ಟಲೆ ಕೂತು ಮರ ಕೆತ್ತುತ್ತಾರೆ, ಸ್ಪ್ರಿಂಗಿಗೆ ಹದ ಕೊಡ್ತಾರೆ, ಒಂದೊಂದು ಸ್ಕ್ರೂನೂ ಅರ ಹಾಕಿ ಕೂರಿಸ್ತಾರೆ. ಕೊನೆಗೆ ಲಾಕ್ ಅನ್ನೋ ಆ ಕಿಡಿ ಎಬ್ಬಿಸೋ ಭಾಗ ಜೋಡಿಸಿ ಟ್ರಿಗರ್ ಎಳೆದ್ರೆ ಟಕ್ ಅಂತ ಸದ್ದಷ್ಟೇ, ಕಿಡಿ ಇಲ್ಲ. ಆಗ ಮೊದಲು ಬೈಸಿಕೊಳ್ಳೋದು ಕಲ್ಲು. ಕಲ್ಲು ಸರಿ ಇಲ್ಲ, ಬೇರೆ ಕಲ್ಲು ಹಾಕಿ ನೋಡೋಣ ಅಂತ ಶುರು ಮಾಡ್ತಾರೆ, ಯಾಕಂದ್ರೆ ಚಕಮಕಿ ಕಲ್ಲಿನೊಳಗೆ ಬೆಂಕಿ ಅಡಗಿ ಕೂತಿದೆ, ಹೊಡೆದ್ರೆ ಆಚೆ ಹಾರುತ್ತೆ ಅನ್ನೋ ನಂಬಿಕೆ ನಮ್ಮೆಲ್ಲರ ತಲೇಲಿ ಅಷ್ಟು ಗಟ್ಟಿಯಾಗಿ ಕೂತಿದೆ.

ಕಲ್ಲಲ್ಲಿ ಬೆಂಕಿ ಇಲ್ಲ ಸ್ವಾಮಿ. ಚಕಮಕಿ ಕಲ್ಲು ಅಂದ್ರೆ ಸಿಲಿಕಾ, ಸಿಲಿಕಾನ್ ಆಗಲೇ ಆಕ್ಸಿಜನ್ ಜೊತೆ ಸೇರಿ ಮುಗಿದಿರೋ ವಸ್ತು, ಒಂಥರಾ ಆಗಲೇ ಸುಟ್ಟು ಹೋಗಿರೋ ವಸ್ತು. ಅದನ್ನ ಇನ್ನೊಂದು ಸಲ ಸುಡೋಕೆ ಆಗಲ್ಲ. ಉರಿಯೋದು ಕಬ್ಬಿಣ. ಹಾರೋ ಪ್ರತಿ ಕಿಡಿನೂ ಗಾಳಿಯಲ್ಲಿ ಉರೀತಾ ಹೋಗೋ ಒಂದು ಚೂರು ಉಕ್ಕು.

ಕಬ್ಬಿಣ ಎಲ್ಲಾದರೂ ಉರಿಯುತ್ತಾ ಅಂತ ಕೇಳೋರಿಗೆ ಪಾತ್ರೆ ಉಜ್ಜೋ ಸ್ಟೀಲ್ ವೂಲ್‌ನ ಅತಿ ಸಣ್ಣ ಎಳೆಗೆ ಕಡ್ಡಿ ಗೀರಿ ಹಿಡಿಯೋದನ್ನ ತೋರಿಸಿದ್ರೆ ಸಾಕು, ಕೆಂಪಗೆ ಹರೀತಾ ಉರಿದು ಹೋಗುತ್ತೆ, ಉರಿದ ಮೇಲೆ ತೂಕ ಮಾಡಿದ್ರೆ ಮೊದಲಿಗಿಂತ ಜಾಸ್ತಿ ಇರುತ್ತೆ, ಗಾಳಿಯಿಂದ ಆಕ್ಸಿಜನ್ ಸೇರಿಕೊಂಡಿರುತ್ತಲ್ಲ. ತುಕ್ಕು ಹಿಡಿಯೋದೂ ಮೂಲದಲ್ಲಿ ಇದೇ ಕೆಲಸ, ನಿಧಾನ ಅಷ್ಟೇ. ದಪ್ಪ ಸರಳು ಯಾಕೆ ಹೀಗೆ ಉರಿಯಲ್ಲ ಅಂದ್ರೆ ಗಾಳಿ ತಾಗೋದು ಮೇಲ್ಮೈಗೆ ಮಾತ್ರ, ಅಲ್ಲಿ ಹುಟ್ಟಿದ ಬಿಸಿನ ಒಳಗಿನ ರಾಶಿ ಲೋಹ ತಕ್ಷಣ ಹೀರಿಕೊಂಡು ಬಿಡುತ್ತೆ. ಲೆಕ್ಕ ಹಾಕಿ ನೋಡಿ: 10 ಸೆಂಟಿಮೀಟರ್ ಬದಿಯ ಕಬ್ಬಿಣದ ಘನಕ್ಕೆ 600 ಚದರ ಸೆಂಟಿಮೀಟರ್ ಮೇಲ್ಮೈ. ಅದನ್ನೇ 0.1 ಮಿಲಿಮೀಟರ್ ಬದಿಯ ಪುಟ್ಟ ಘನಗಳಾಗಿ ಕತ್ತರಿಸಿದ್ರೆ ಒಟ್ಟು ಮೇಲ್ಮೈ 60 ಚದರ ಮೀಟರ್! ಅಷ್ಟೇ ಕಬ್ಬಿಣ, ಸಾವಿರ ಪಟ್ಟು ಮೇಲ್ಮೈ, ಜೊತೆಗೆ ಒಂದೊಂದು ಚೂರಿನೊಳಗೂ ಬಿಸಿ ಹೀರೋಕೆ ಏನೂ ಉಳಿದಿಲ್ಲ.

ಕಲ್ಲಿನ ಕೆಲಸ ಇಷ್ಟೇ, ಬಡಗಿ ಕೀಸುಳಿ ಹಿಡಿದು ಮರ ಹೆರೆಯೋ ಹಾಗೆ ಉಕ್ಕಿನ ಮುಖದಿಂದ ತೆಳ್ಳಗೆ ಹೆರೆದು ತೆಗೆಯೋದು. ಕಲ್ಲಿನ ಗಡಸುತನ 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಸುಮಾರು 7, ಒಡೆದಾಗ ಅಂಚು ಗಾಜಿನಷ್ಟು ಹರಿತ. ಹೆರೆಯೋ ಆ ಕ್ಷಣದ ಶಕ್ತಿಯ ಬಹುಪಾಲು ಆ ಪುಟ್ಟ ಚೂರೊಳಗೆ ಬಿಸಿಯಾಗಿ ಸೇರುತ್ತೆ, ಚೂರು ಕೆಂಪಗಾಗಿ ಕಿತ್ತು ಬರುತ್ತೆ, ಆದರೆ ಅದು ಬರೀ ಆರಂಭ. ಅಲ್ಲಿಂದ ಮುಂದಕ್ಕೆ ಆಕ್ಸಿಜನ್ನೇ ಅದನ್ನ ಉರಿಸ್ತಾ ಹೋಗುತ್ತೆ, ಬಿಸಿ 1,000 ಡಿಗ್ರಿ ಸೆಲ್ಸಿಯಸ್ ದಾಟುತ್ತೆ, ಚೂರು ಕರಗುತ್ತೆ. ಗಮನ ಇಟ್ಟು ನೋಡಿದ್ರೆ ಒಳ್ಳೇ ಕಿಡಿ ಹುಟ್ಟಿದ ಜಾಗಕ್ಕಿಂತ ಸ್ವಲ್ಪ ದೂರ ಹೋದ ಮೇಲೇ ಜಾಸ್ತಿ ಬೆಳಗುತ್ತೆ. ಬರೀ ಉಜ್ಜಿದ ಬಿಸಿ ಆಗಿದ್ರೆ ಹುಟ್ಟಿದ ಕ್ಷಣದಿಂದಲೇ ಮಂಕಾಗಬೇಕಿತ್ತಲ್ಲ?

ಕೆಲವು ಕಿಡಿ ಹೋಗ್ತಾ ಹೋಗ್ತಾ ಪಟ್ ಅಂತ ಒಡೆದು ಕವಲಾಗುತ್ತೆ, ಅದು ಉಕ್ಕಿನಲ್ಲಿರೋ ಇಂಗಾಲದ ಕೆಲಸ. ಒಳಗಿನ ಇಂಗಾಲ ಉರಿದು ಅನಿಲವಾಗಿ, ಜಾಗ ಸಾಲದೆ ಆ ಕರಗಿದ ಗುಂಡನ್ನ ಒಡೆದು ಹಾಕುತ್ತೆ. ಇಂಗಾಲ ಕಮ್ಮಿ ಇರೋ ಮೆದು ಕಬ್ಬಿಣದ ಕಿಡಿ ನೇರ ಗೆರೆ ಥರ ಹೋಗುತ್ತೆ, ಇಂಗಾಲ ಜಾಸ್ತಿ ಇದ್ರೆ ಕವಲು ಕವಲು. ವರ್ಕ್‌ಶಾಪಿನವರು ಗ್ರೈಂಡರಿಗೆ ಹಿಡಿದು ಕಿಡಿ ನೋಡಿ ಇದು ಯಾವ ಉಕ್ಕು ಅಂತ ಅಂದಾಜು ಮಾಡೋದು ಇದರಿಂದಲೇ.

ಇದನ್ನ ಕಣ್ಣಾರೆ ನೋಡಿದ್ದು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್, 1665ರ ತನ್ನ ಮೈಕ್ರೋಗ್ರಾಫಿಯಾ ಪುಸ್ತಕದಲ್ಲಿ ಬರೆದಿದ್ದಾನೆ. ಬಿಳಿ ಕಾಗದ ಹಾಸಿ ಅದರ ಮೇಲೆ ಕಲ್ಲನ್ನ ಉಕ್ಕಿಗೆ ಹೊಡೆದ, ಕಿಡಿ ಆರಿದ ಕಡೆ ಕಪ್ಪಗೆ ಮಿನುಗೋ ಮರಳಿನಂಥ ಕಣಗಳು ಸಿಕ್ಕವು, ಮೈಕ್ರೋಸ್ಕೋಪಲ್ಲಿ ಇಟ್ಟರೆ ಪಾಲಿಶ್ ಮಾಡಿದ ಉಕ್ಕಿನ ಗುಂಡು, ಅದರ ಮೈಮೇಲೆ ಅವನ ಕಿಟಕಿಯ ಪ್ರತಿಬಿಂಬ! ಕರಗಿದ ಹನಿ ಗುಂಡಗಾಗಿ ಗಟ್ಟಿಯಾದದ್ದು ಅದು. ಇವತ್ತೂ ಕಾಗದದ ಮೇಲಿನ ಆ ಪುಡಿಗೆ ಮ್ಯಾಗ್ನೆಟ್ ಹಿಡಿದ್ರೆ ಎದ್ದು ಅಂಟಿಕೊಳ್ಳುತ್ತೆ, ಕಲ್ಲಿನ ಪುಡಿ ಕಾಗದದ ಮೇಲೇ ಉಳಿಯುತ್ತೆ. (ಕಣ್ಣಿಗೆ ಕನ್ನಡಕ ಇರಲಿ, ಹಾರೋ ಕಲ್ಲಿನ ಚಕ್ಕೆ ಬ್ಲೇಡಿನಷ್ಟು ಹರಿತ.)

ಆದಿಮಾನವ ಎರಡು ಕಲ್ಲು ಕುಟ್ಟಿ ಬೆಂಕಿ ಹಚ್ಚೋ ಚಿತ್ರ ನೋಡಿದಾಗೆಲ್ಲ ನಂಗೆ ಸಿಟ್ಟು ಬರುತ್ತೆ. ಎರಡು ಬೆಣಚುಕಲ್ಲು ಕತ್ತಲಲ್ಲಿ ಉಜ್ಜಿದ್ರೆ ಒಳಗಿಂದ ಮಂದ ಬೆಳಕು ಬರುತ್ತೆ ನಿಜ, ನೀರೊಳಗೆ ಉಜ್ಜಿದ್ರೂ ಬರುತ್ತೆ, ಅದರಲ್ಲೇ ಗೊತ್ತಾಗಬೇಕು ಅದು ಬೆಂಕಿ ಅಲ್ಲ ಅಂತ. ಅದರಿಂದ ಹತ್ತಿನೂ ಹೊತ್ತಿಕೊಳ್ಳಲ್ಲ. ಹೊತ್ತಿಸಬೇಕಂದ್ರೆ ಒಂದು ಕಲ್ಲು ಪೈರೈಟ್ ಆಗಿರಬೇಕು, ಕಬ್ಬಿಣ ಮತ್ತು ಗಂಧಕ ಸೇರಿರೋ ಆ ಹಳದಿ ಹೊಳಪಿನ ಅದಿರು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ 5,300 ವರ್ಷ ಹಳೇ ಹೆಣ, ಓಟ್ಜಿ ಅಂತ ಹೆಸರಿಟ್ಟಿರೋ ಮನುಷ್ಯನ ಚೀಲದಲ್ಲಿ ಬೆಂಕಿ ಹಿಡಿಸೋ ಒಣ ಅಣಬೆ ಇತ್ತು, ಅದರ ಮೇಲೆ ಪೈರೈಟಿನ ಕಣಗಳಿದ್ವು. ಅವತ್ತೂ ಉರಿದಿದ್ದು ಕಬ್ಬಿಣ ಇರೋ ಚೂರೇ.

ಈಗ ಲಾಕಿಗೆ ಬರೋಣ. ಸುಮಾರು 1610ರಲ್ಲಿ ಫ್ರಾನ್ಸಿನ ಮಾರೆಂ ಲ ಬೂರ್ಜ್ವಾ ಇದಕ್ಕೆ ರೂಪ ಕೊಟ್ಟ ಅಂತ ಹೇಳ್ತಾರೆ, ಎರಡು ಶತಮಾನ ಹೆಚ್ಚೂಕಮ್ಮಿ ಹಾಗೇ ನಡೀತು. ಅದರ ಚೆಂದ ಇರೋದು ಫ್ರಿಜನ್ ಅನ್ನೋ ಎಲ್ ಆಕಾರದ ಒಂದೇ ತುಂಡಲ್ಲಿ. ಅದರ ನಿಂತ ಮುಖ ಕಿಡಿ ಕೊಡೋ ಉಕ್ಕು, ಮಲಗಿದ ಭಾಗ ಸಿಡಿಮದ್ದು ಇರೋ ಪುಟ್ಟ ಬಟ್ಟಲಿನ, ಅಂದ್ರೆ ಪ್ಯಾನಿನ ಮುಚ್ಚಳ. ಕಲ್ಲು ಬಂದು ಮುಖವನ್ನ ಕೆಳಮುಖವಾಗಿ ಹೆರೀತಾ ಮುಂದಕ್ಕೆ ತಳ್ಳುತ್ತೆ, ಆ ತಳ್ಳೋದರಿಂದಲೇ ಮುಚ್ಚಳ ತೆರೆಯುತ್ತೆ, ಕಿಡಿ ಬೀಳೋ ಹೊತ್ತಿಗೆ ಮದ್ದು ಬಯಲಾಗಿರುತ್ತೆ. ಇದಕ್ಕಿಂತ ಮುಂಚಿನ ಕೆಲವು ಲಾಕ್‌ಗಳಲ್ಲಿ ಉಕ್ಕು ಬೇರೆ ಮುಚ್ಚಳ ಬೇರೆ ಇರ್ತಿತ್ತು.

ಎಲ್ಲಾ ಕಷ್ಟ ಈ ಮುಖದ ಹದದಲ್ಲೇ. ಮೆದುವಾಗಿದ್ರೆ ಕಲ್ಲು ದಪ್ಪ ಚೂರು ಗೆಬರುತ್ತೆ, ದಪ್ಪ ಚೂರು ಕೆಂಪಗಾಗಲ್ಲ, ಮುಖದ ಮೇಲೆ ಗೀರು ಮಾತ್ರ ಉಳಿಯುತ್ತೆ. ಹಾಗಂತ ಕಲ್ಲಿಗೂ ಮೀರಿದ ಗಡಸಾಗಿದ್ರೆ ಕಲ್ಲು ಜಾರಿಕೊಂಡು ಹೋಗುತ್ತೆ, ಏನೂ ಕಿತ್ತು ಬರಲ್ಲ. ಹಳೇ ಕಮ್ಮಾರರು ಮೆದು ಕಬ್ಬಿಣದ ಫ್ರಿಜನ್ನನ್ನ ಇದ್ದಿಲು, ಮೂಳೆ, ತೊಗಲಿನ ಚೂರು ತುಂಬಿದ ಮುಚ್ಚಿದ ಡಬ್ಬಿಯಲ್ಲಿಟ್ಟು ಗಂಟೆಗಟ್ಟಲೆ ಕೆಂಪಗೆ ಕಾಯಿಸ್ತಿದ್ರು, ಇಂಗಾಲ ನಿಧಾನಕ್ಕೆ ಮೇಲ್ಪದರದೊಳಗೆ ಇಳೀತಿತ್ತು, ಆಮೇಲೆ ನೀರಲ್ಲಿ ಅದ್ದಿ ಗಡಸು ಮಾಡ್ತಿದ್ರು. ಆ ಪದರ ತೆಳ್ಳಗಿರೋದ್ರಿಂದ ಬಳಸಿ ಬಳಸಿ ಸವೆದು ಹೋಗುತ್ತೆ, ಆಮೇಲೆ ಎಂಥಾ ಕಲ್ಲು ಹಾಕಿದ್ರೂ ಕಿಡಿ ಇಲ್ಲ. ಅದಕ್ಕೇ ಹೇಳೋದು, ಕಲ್ಲಿನ ಅಂಚು ಹರಿತ ಇದ್ದೂ ಕಿಡಿ ಬರ್ಲಿಲ್ಲ ಅಂದ್ರೆ ಹೊಸ ಅರ ತಗೊಂಡು ಫ್ರಿಜನ್ ಮೂಲೆಗೆ ಒಮ್ಮೆ ಎಳೀರಿ. ಅರ ಜಾರಿದ್ರೆ ಉಕ್ಕು ಸರಿ ಇದೆ, ಅರ ಕಚ್ಚಿದ್ರೆ ತೊಂದರೆ ಅಲ್ಲೇ.

ಕಿಡಿನ ತಪ್ಪು ತಿಳಿದಿದ್ದಕ್ಕೆ ಜೀವಾನೂ ಹೋಗಿದೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಗಣಿಯವರು ಮೇಣದ ಬತ್ತಿ ಹಚ್ಚಿದ್ರೆ ಗ್ಯಾಸ್ ಸಿಡಿಯುತ್ತೆ ಅಂತ ತಿರುಗೋ ಉಕ್ಕಿನ ಚಕ್ರಕ್ಕೆ ಚಕಮಕಿ ಹಿಡಿದು ಕಿಡಿಗಳ ಬೆಳಕಲ್ಲೇ ಕೆಲಸ ಮಾಡ್ತಿದ್ರು, ಕಿಡಿಯಿಂದ ಗ್ಯಾಸ್ ಹೊತ್ತಲ್ಲ ಅನ್ನೋ ನಂಬಿಕೆ. ಉರಿಯೋ ಕಬ್ಬಿಣ ಅದು, ಹೊತ್ತುತ್ತೆ, ಆ ಯಂತ್ರದಿಂದಲೇ ಸ್ಫೋಟಗಳೂ ಆದವು. ಯಂತ್ರ ತಂದ ಕಾರ್ಲೈಲ್ ಸ್ಪೆಡಿಂಗ್ ಕೂಡ 1755ರಲ್ಲಿ ಗಣಿ ಸ್ಫೋಟದಲ್ಲೇ ಸತ್ತ. ಗ್ಯಾಸ್ ಹೊತ್ತದ ಹಾಗೆ ಜ್ವಾಲೆಗೆ ಜಾಲರಿ ಸುತ್ತಿದ ಡೇವಿ ದೀಪ ಬಂದಿದ್ದು 1815ರಲ್ಲಿ.

ಜೇಬಲ್ಲಿರೋ ಲೈಟರಲ್ಲಿ ಪಾತ್ರಗಳು ಅದಲು ಬದಲು. 1903ರಲ್ಲಿ ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ ಪೇಟೆಂಟ್ ಮಾಡಿದ ಕಬ್ಬಿಣ-ಸೀರಿಯಂ ಮಿಶ್ರಲೋಹದ ಕಡ್ಡಿ ಅದರೊಳಗಿದೆ, ಎಲ್ಲರೂ ಅದನ್ನ ಕಲ್ಲು ಅಂತಲೇ ತಿಳ್ಕೊಂಡಿದ್ದಾರೆ. ಸೀರಿಯಂ ಕಬ್ಬಿಣಕ್ಕಿಂತ ತುಂಬ ಕಮ್ಮಿ ಬಿಸಿಗೇ ಹೊತ್ತಿಕೊಳ್ಳುತ್ತೆ, ಹಾಗಾಗಿ ಜೋರಾದ ಸ್ಪ್ರಿಂಗೂ ಬೇಡ, ಹದ ನೋಡೋ ಕಮ್ಮಾರನೂ ಬೇಡ, ಹೆಬ್ಬೆರಳು ಸಾಕು. ಹಲ್ಲಿರೋ ಉಕ್ಕಿನ ಚಕ್ರ ಅಲ್ಲಿ ಹೆರೆಯೋ ಕೆಲಸ ಮಾಡುತ್ತೆ, ಉರಿಯೋದು ಆ ಕಡ್ಡಿ.