ರಬ್ಬರ್ ಅಂದ ಮಗುವಿನ ಉತ್ತರ ಪೂರ್ತಿ ತಪ್ಪೇ?

ರಬ್ಬರ್, ಉಕ್ಕು, ಇವೆರಡರಲ್ಲಿ ಯಾವುದಕ್ಕೆ ಸ್ಥಿತಿಸ್ಥಾಪಕತ್ವ ಜಾಸ್ತಿ? ಮೊದಲ ಪಿಯುಸಿ ತರಗತಿಯಲ್ಲಿ ಕೇಳಿ ನೋಡಿ. ರಬ್ಬರ್ ಅನ್ನುವವರೇ ಹೆಚ್ಚು. ಎಳೆದರೆ ಹಿಗ್ಗುವುದು ಅದೇ ಅಲ್ವಾ? ಪುಸ್ತಕದ ಉತ್ತರ ಉಕ್ಕು. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ, ಗೊಂದಲ ಹಾಗೇ ಉಳಿಯುತ್ತದೆ.

ಒಂದು ಸ್ಪ್ರಿಂಗ್, ಒಂದು ರಬ್ಬರ್ ಬ್ಯಾಂಡ್, ಸ್ಕೇಲು, 50 ಗ್ರಾಮಿನ ಕೆಲವು ತೂಕಗಳು ಇದ್ದರೆ ಪ್ರಯೋಗ ಶುರು ಮಾಡಬಹುದು. ತೂಕ ಏರಿಸುತ್ತಾ ಎಷ್ಟು ಹಿಗ್ಗಿತು ಅಂತ ಬರೆದುಕೊಳ್ಳಬೇಕು. ಸ್ಪ್ರಿಂಗಿನ ಗ್ರಾಫ್ ನೇರ ಗೆರೆ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಇದೇ: ಬಲ ಎಷ್ಟು ಪಟ್ಟು ಹೆಚ್ಚಿದರೆ ಹಿಗ್ಗುವುದೂ ಅಷ್ಟು ಪಟ್ಟು. ರಬ್ಬರಿನ ಗೆರೆ ಬಾಗುತ್ತದೆ.

ಎಷ್ಟೋ ಕಡೆ ಪ್ರಯೋಗ ಇಲ್ಲಿಗೇ ಮುಗಿಯುತ್ತದೆ. ನನಗೆ ಬೇಸರ ಇದರ ಬಗ್ಗೆಯೇ. ಬಲ ತೆಗೆದಾಗ ಮೊದಲಿನ ಆಕಾರಕ್ಕೆ ಮರಳುವುದು ತಾನೇ ಸ್ಥಿತಿಸ್ಥಾಪಕತ್ವ? ಮರಳುವುದನ್ನೇ ಅಳೆಯದಿದ್ದರೆ ಹೇಗೆ? ತೂಕ ಇಳಿಸುವಾಗಲೂ ಅಳತೆ ಬರೆಯಬೇಕು. ಸ್ಪ್ರಿಂಗ್ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ರಬ್ಬರ್ ಹಾಗಲ್ಲ. ಅದೇ ತೂಕಕ್ಕೆ, ಇಳಿಸುವಾಗ ಅದರ ಉದ್ದ ತುಸು ಜಾಸ್ತಿ ಇರುತ್ತದೆ. ಗ್ರಾಫಿನಲ್ಲಿ ಎರಡು ಗೆರೆಗಳ ನಡುವೆ ಸಣ್ಣ ಜಾಗ ಬಿಟ್ಟುಕೊಳ್ಳುತ್ತದೆ. ಎಳೆಯಲು ಹಾಕಿದ ಶಕ್ತಿಯಲ್ಲಿ ಅಷ್ಟು ಪಾಲು ಶಾಖವಾಗಿ ಹೋಗಿದೆ.

ಉಕ್ಕಿನ ತಂತಿ ಹಿಗ್ಗುವುದು ಬರಿಗಣ್ಣಿಗೆ ಕಾಣುವುದೇ ಕಷ್ಟ. ಒಂದು ಮೀಟರ್ ಉದ್ದ, ಅಡ್ಡಕೊಯ್ತದ ವಿಸ್ತೀರ್ಣ ಒಂದು ಚದರ ಮಿಲಿಮೀಟರ್ ಇರುವ ತಂತಿಗೆ 10 ಕಿಲೋ ತೂಗುಹಾಕಿದರೂ ಹಿಗ್ಗುವುದು ಸುಮಾರು ಅರ್ಧ ಮಿಲಿಮೀಟರ್. ಅದಕ್ಕೇ ಇಷ್ಟು ಸಣ್ಣ ಹಿಗ್ಗುವಿಕೆ ಅಳೆಯುವ ಲ್ಯಾಬಿನ ಸರ್ಲ್ ಉಪಕರಣದಲ್ಲಿ ಪಕ್ಕಪಕ್ಕ ಎರಡು ತಂತಿಗಳಿರುತ್ತವೆ. ತೂಕ ಏರಿಸುವುದು ಒಂದಕ್ಕೆ ಮಾತ್ರ. ಸೆಖೆಗೆ ತಂತಿ ಉದ್ದವಾದರೆ, ಮೇಲಿನ ಆಧಾರ ಸ್ವಲ್ಪ ಬಾಗಿದರೆ, ಎರಡಕ್ಕೂ ಒಂದೇ ಥರ ಆಗುತ್ತದೆ. ವ್ಯತ್ಯಾಸ ನೋಡಿದರೆ ತೂಕದಿಂದ ಆದದ್ದಷ್ಟೇ ಸಿಗುತ್ತದೆ. ಹೀಗೆ ಅಳೆದ ಉಕ್ಕಿನ ಯಂಗ್ ಗುಣಾಂಕ ಸುಮಾರು 20,000 ಕೋಟಿ ಪ್ಯಾಸ್ಕಲ್. ರಬ್ಬರಿನದು ಅದಕ್ಕಿಂತ ಸಾವಿರಾರು ಪಟ್ಟು ಕಡಿಮೆ.

ಪುಸ್ತಕ ಉಕ್ಕು ಅನ್ನುವುದು ಈ ಗುಣಾಂಕ ನೋಡಿ. ಅಂದರೆ ಎಳೆತಕ್ಕೆ ಎಷ್ಟು ಎದುರು ನಿಲ್ಲುತ್ತದೆ ಅನ್ನುವ ಲೆಕ್ಕ. ಎಷ್ಟು ದೂರದವರೆಗೆ ಎಳೆದರೆ ಮರಳುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಮೆದು ಉಕ್ಕನ್ನು ಅದರ ಉದ್ದದ ಶೇ. 1ರಷ್ಟು ಎಳೆದರೆ ಪೂರ್ತಿ ಮರಳುವುದಿಲ್ಲ. ರಬ್ಬರ್ ದುಪ್ಪಟ್ಟಾದರೂ ಹೆಚ್ಚುಕಡಿಮೆ ಮೊದಲಿನಷ್ಟಕ್ಕೇ ಬರುತ್ತದೆ. ರಬ್ಬರ್ ಅಂದ ಮಗು ಕಂಡಿದ್ದು ಇದನ್ನೇ. ಅದೇ ಪಾಠದಲ್ಲಿ ಮುಂದೆ ಬರುವ ಸ್ಥಿತಿಸ್ಥಾಪಕ ಮಿತಿಯನ್ನು, ಅಂದರೆ ದಾಟಿದರೆ ಪೂರ್ತಿ ಮರಳದ ಗಡಿಯನ್ನು, ಇಲ್ಲಿಂದಲೇ ಶುರು ಮಾಡಬಹುದು.