ಅಜ್ಜಿಗೆ ವಾರಕ್ಕೆ ಎಷ್ಟು ದಿನ ಮೊಮ್ಮಗು?

ಮನೆ ತುಂಬ ಜನ ಇದ್ದರೆ ವಯಸ್ಸಾದವರು ಗಟ್ಟಿಯಾಗಿರುತ್ತಾರೆ ಅಂತ ನಾವು ನಂಬಿದ್ದೇವೆ. ನಿಜವೇ, ಆದರೆ ಪೂರ್ತಿ ನಿಜವಲ್ಲ.

ಮೆಲ್ಬರ್ನ್‌ನಲ್ಲಿ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. 186 ಮಹಿಳೆಯರ ನೆನಪಿನ ಶಕ್ತಿ, ಯೋಚನೆಯ ಚುರುಕು ಅಳೆದು ನೋಡಿದರು. ವಾರಕ್ಕೆ ಒಂದು ದಿನ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯರು ಎಲ್ಲರಿಗಿಂತ ಮುಂದಿದ್ದರು. ಐದು ದಿನ ಅಥವಾ ಇನ್ನೂ ಜಾಸ್ತಿ ನೋಡಿಕೊಳ್ಳುವವರು ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಹೆತ್ತ ಮಕ್ಕಳು ತಮ್ಮಿಂದ ತೀರಾ ಹೆಚ್ಚು ಕೆಲಸ ತೆಗೆಸುತ್ತಾರೆ ಅನ್ನುವ ಬೇಸರವೂ ಅವರಲ್ಲಿ ಜಾಸ್ತಿ ಇತ್ತು. ಚಿಕ್ಕ ಅಧ್ಯಯನ ಇದು. ಮೊದಲೇ ಚುರುಕಾಗಿರುವ ಅಜ್ಜಿಗೇ ಮಗು ಒಪ್ಪಿಸಿರಬಹುದು, ಅಲ್ವಾ? ಆದರೂ ಗಂಡ ಹೆಂಡತಿ ಇಬ್ಬರೂ ದುಡಿಯುವ ನಮ್ಮ ಮನೆಗಳು ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಹಿರಿಯರು ವಾರಕ್ಕೆ 15 ಗಂಟೆ ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳಿಗೆ ಓದು ಕಲಿಸಿದರು. ಎರಡು ವರ್ಷದ ಬಳಿಕ ಸ್ಕ್ಯಾನ್ ಮಾಡಿದಾಗ, ಹೀಗೆ ಹೋದ ಗಂಡಸರಲ್ಲಿ ನೆನಪಿಗೆ ಬೇಕಾದ ಮೆದುಳಿನ ಭಾಗ ಹಿಪೊಕ್ಯಾಂಪಸ್ ಕುಗ್ಗುವ ಬದಲು ತುಸು ಹಿಗ್ಗಿತ್ತು. ಆ ಶಾಲೆಯ ಮಕ್ಕಳು ಅವರ ಸ್ವಂತ ಮೊಮ್ಮಕ್ಕಳಲ್ಲ. ನನಗೆ ಮುಖ್ಯ ಅನಿಸುವುದು ಇದೇ: ಜೊತೆಯಲ್ಲಿ ಇರುವುದಕ್ಕಿಂತ, ಮನೆಯಲ್ಲಿ ನಾನು ಬೇಕಾದವನು ಅನಿಸುವುದು ದೊಡ್ಡದು. ಎಂಟು ಜನರ ಮನೆಯಲ್ಲೂ ತಾತ ಒಬ್ಬರೇ ಟಿವಿ ಮುಂದೆ ಕೂತಿರಬಹುದು.

ಈ ವ್ಯತ್ಯಾಸ ಮನೆಯವರಿಗಿಂತ ಮೊದಲು ಕಾಣುವುದು ಮನೆಗೆ ಬರುವ ನರ್ಸ್ ಕಣ್ಣಿಗೆ. ಬಿಪಿ ನೋಡುವುದು ಎರಡು ನಿಮಿಷದ ಕೆಲಸ. "ಹೇಗಿದ್ದೀರಾ ಅಜ್ಜಿ?" ಅಂತ ಕೇಳಿದರೆ ಉತ್ತರ ಯಾರು ಕೊಡುತ್ತಾರೆ ಅಂತ ಗಮನಿಸುವುದು ಅದಕ್ಕಿಂತ ಮುಖ್ಯ. ಸೊಸೆಯೇ "ಚೆನ್ನಾಗಿದ್ದಾರೆ ಸಿಸ್ಟರ್" ಅಂದರೆ ಒಂದು ಸುಳಿವು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಸುಲಭ ಪರೀಕ್ಷೆಗಳೂ ಇವೆ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು, 14 ಸೆಕೆಂಡ್ ಒಳಗೆ. ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾರೆ. ಒಂದು ತೋಳಿನಷ್ಟು ದೂರದಲ್ಲಿ ಹಿಂದೆ ನಿಂತು ಪಿಸುಗುಟ್ಟಿ ಕೇಳಿಸಿತಾ ನೋಡುತ್ತಾರೆ. "ತಾತಂಗೆ ಹಠ, ಕರೆದರೂ ಓಗೊಡಲ್ಲ" ಅನ್ನುವ ಎಷ್ಟೋ ದೂರುಗಳು ಈ ಪಿಸುಮಾತಿನಲ್ಲೇ ಬಗೆಹರಿಯುತ್ತವೆ. ಕಿವಿ ಮಂದ ಆಗಿರುತ್ತದೆ, ಅಷ್ಟೇ.

ಆಮೇಲೆ ನರ್ಸ್ ಮನೆಯವರ ಜೊತೆ ಕೂತು ಕೆಲಸ ಹಂಚಬೇಕು. ಮಾತ್ರೆ ಡಬ್ಬಿ ತುಂಬುವಾಗ ಮೊಮ್ಮಗಳು ಪಕ್ಕದಲ್ಲಿ ಕೂತು ಎಣಿಸಲಿ. ಸೊಪ್ಪು ಬಿಡಿಸುವುದು, ಹಾಲಿನ ಲೆಕ್ಕ ಬರೆಯುವುದು ತಾತನಿಗೇ ಇರಲಿ, ನಿಧಾನವಾದರೂ ಪರವಾಗಿಲ್ಲ. ಅಜ್ಜಿಗೆ ವಾರದಲ್ಲಿ ರಜೆ ಬೇಕು ಅನ್ನುವ ಮಾತು ನರ್ಸ್ ಬಾಯಿಂದ ಬಂದರೆ ಮಗ ಬೇಗ ಕೇಳುತ್ತಾನೆ. ಎಲ್ಲರನ್ನೂ ನೋಡಿಕೊಳ್ಳುವ ಸೊಸೆಯ ಬಿಪಿಯನ್ನೂ ನೋಡಬೇಕು. ಅದನ್ನು ಯಾರೂ ಕೇಳುವುದಿಲ್ಲ.

ಕೆಲವು ಮನೆಗಳಲ್ಲಿ ಬೈಗುಳ, ಹೊಡೆತ ಇರುತ್ತದೆ. ಹಾಗಾಗಿ ಹಿರಿಯರನ್ನು ಸ್ವಲ್ಪ ಹೊತ್ತು ಒಬ್ಬರನ್ನೇ ಮಾತಾಡಿಸಬೇಕು. ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567 ಅನ್ನು ಅವರ ಫೋನಿನಲ್ಲೇ ಸೇವ್ ಮಾಡಿಕೊಡಬಹುದು.